ಗಿಗ್‌ಗೆ ಆಂಪ್ ತಗೋಬೇಕಾ, ಮಲ್ಟಿ ಎಫೆಕ್ಟ್ಸ್ ಸಾಕಾ? ಬಜೆಟ್ 50 ಸಾವಿರ, ಸ್ಕೂಟರ್‌ನಲ್ಲಿ ಹೋಗುವಂತಿರಬೇಕು

ಸ್ಟ್ರ್ಯಾಟ್ ಶಿಷ್ಯ

ಎಲ್ಲರಿಗೂ ನಮಸ್ಕಾರ. ಇರುವುದು ಬೆಂಗಳೂರು, ಊರು ಹಾಸನದ ಹತ್ತಿರ. ನಮ್ಮದು ಐದು ಜನರ ಬ್ಯಾಂಡ್. ಶನಿವಾರ, ಭಾನುವಾರ ಪಬ್‌ಗಳಲ್ಲಿ ಗಿಗ್ (ಕಾರ್ಯಕ್ರಮ), ಬೇರೆಯವರ ಹಾಡುಗಳ ಕವರ್. ಗಣೇಶನ ಹಬ್ಬ, ರಾಜ್ಯೋತ್ಸವ ಬಂದರೆ ಊರ ಕಡೆ ಒಂದು ಆರ್ಕೆಸ್ಟ್ರಾ ಜೊತೆ ಹೋಗುತ್ತೇನೆ.

ಗಿಟಾರ್ ಸ್ಕ್ವೈಯರ್ ಸ್ಟ್ರ್ಯಾಟ್, ಬ್ರಿಡ್ಜ್ ಹತ್ತಿರ ಹಂಬಕರ್ ಇರುವಂಥದ್ದು. ಒಂದು ಓವರ್‌ಡ್ರೈವ್ (ಸದ್ದು ಒಡೆದು ಗರ್ ಅನ್ನಿಸುವುದು), ಒಂದು ಡಿಲೇ (ಪ್ರತಿಧ್ವನಿ ಕೊಡುವುದು), ಒಂದು ಟ್ಯೂನರ್ ಪೆಡಲ್ ಇವೆ. ಮನೆಯಲ್ಲಿ 10 ವಾಟ್‌ನ ಪುಟ್ಟ ಆಂಪ್ (ಗಿಟಾರ್ ಸದ್ದು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ). ಗಿಗ್‌ಗೆ ಹೋದ ಕಡೆ ಏನಿರುತ್ತದೋ ಅದಕ್ಕೆ ಜ್ಯಾಕ್ ಚುಚ್ಚಿ ನುಡಿಸಿಕೊಂಡು ಬಂದಿದ್ದೇನೆ. ಒಂದು ಕಡೆ ದೊಡ್ಡ ಆಂಪ್ ಇರುತ್ತದೆ, ಇನ್ನೊಂದು ಕಡೆ "ಸೀದಾ ಮಿಕ್ಸರ್‌ಗೆ ಕೊಡಿ ಸಾರ್" ಅನ್ನುತ್ತಾರೆ. ಮಿಕ್ಸರ್‌ಗೆ ಕೊಟ್ಟಾಗ ಓವರ್‌ಡ್ರೈವ್ ಸೊಳ್ಳೆ ಬ್ಯಾಟ್ ಥರ ಚರಚರ ಅನ್ನುತ್ತದೆ. ಸಾಕಾಗಿದೆ.

ಬಜೆಟ್ 50 ಸಾವಿರ. ಕಾರಿಲ್ಲ, ಸ್ಕೂಟರ್ ಇದೆ. ಊರಿಗೆ ಬಸ್ಸು. ಸೆಕೆಂಡ್ ಹ್ಯಾಂಡ್ ವಾಲ್ವ್ ಆಂಪ್ (ಹಳೇ ರೇಡಿಯೊ ಥರ ಒಳಗೆ ಗಾಜಿನ ವಾಲ್ವ್ ಇರುವುದು) ತಗೊಂಡು ಇರುವ ಪೆಡಲ್‌ಗಳನ್ನೇ ಇಟ್ಟುಕೊಳ್ಳಲಾ? ಬಾಸ್ ಕಂಪನಿಯ ಕಟಾನಾ ಥರದ ಮಾಡೆಲಿಂಗ್ ಆಂಪ್ (ಬೇರೆ ಬೇರೆ ಆಂಪ್‌ಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವುದು) ತಗೊಳ್ಳಲಾ? ಅಥವಾ ಆಂಪೇ ಬೇಡ ಅಂತ ಮಲ್ಟಿ ಎಫೆಕ್ಟ್ಸ್ (ಹಲವು ಪೆಡಲ್, ಆಂಪ್‌ಗಳ ಸದ್ದು ಒಂದೇ ಯಂತ್ರದಲ್ಲಿ) ಕಡೆ ಹೋಗಲಾ? ಗಿಗ್ ಮಾಡುವವರು ಹೇಳಿ. ಯೂಟ್ಯೂಬ್ ನೋಡಿ ನೋಡಿ ತಲೆ ಕೆಟ್ಟಿದೆ.

ವಾಲ್ವ್ ಪ್ರೇಮಿ

ವಾಲ್ವ್ ಆಂಪ್ ತಗೊಳ್ಳಿ, ಬೇರೆ ಯೋಚನೆ ಬೇಡ. ಫೆಂಡರ್ ಬ್ಲೂಸ್ ಜೂನಿಯರ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಡಬೇಡಿ. 15 ವಾಟ್, ಸುಮಾರು 14 ಕಿಲೋ. ಮುಂದೆ ನಿಮ್ಮ ಓವರ್‌ಡ್ರೈವ್ ಇದ್ದರೆ ಸಾಕು. ಮೆಲ್ಲಗೆ ಮೀಟಿದರೆ ಕ್ಲೀನ್ (ಒಡೆಯದ ಸದ್ದು), ಜೋರಾಗಿ ಹೊಡೆದರೆ ಗರ್ ಅನ್ನುತ್ತದೆ. ಗಿಟಾರ್‌ನ ವಾಲ್ಯೂಮ್ ನಾಬ್ ಒಂದರಲ್ಲೇ ಇಡೀ ಹಾಡು ನಡೆಸಬಹುದು. ಆ ಸುಖ ಮೆನು ಒತ್ತುವವರಿಗೆ ಗೊತ್ತಾಗುವುದಿಲ್ಲ.

15 ವಾಟ್ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ವಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ, 3 ಡೆಸಿಬಲ್ ಮಾತ್ರ ಏರುತ್ತದೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು. ಅಂದರೆ ವಾಟ್ ಹತ್ತು ಪಟ್ಟಾಗಬೇಕು. ಹಾಗಾಗಿ 50 ವಾಟ್, 100 ವಾಟ್ ಅಂತ ಗುದ್ದಾಡುವುದರಲ್ಲಿ ಅರ್ಥವಿಲ್ಲ. ಸ್ಪೀಕರ್ ಹೇಗಿದೆ ನೋಡಿ. 97 ಡೆಸಿಬಲ್ (ಒಂದೇ ವಾಟ್‌ಗೆ ಎಷ್ಟು ಜೋರು ಅನ್ನುವ ಲೆಕ್ಕ) ಅಂತ ಬರೆದಿರುವ ಸ್ಪೀಕರ್ ತೆಗೆದು 100 ಡೆಸಿಬಲ್‌ನದು ಹಾಕಿದರೆ ವಾಟ್ ಎರಡು ಪಟ್ಟು ಮಾಡಿದಷ್ಟೇ ಲಾಭ.

ಸೌಂಡ್‌ನವರು ಮುಂದೆ ಒಂದು ಎಸ್‌ಎಂ57 ಮೈಕ್ ಇಟ್ಟರೆ ಮುಗಿಯಿತು. 1965ರಿಂದ ಪ್ರಪಂಚ ಹಾಗೇ ನಡೆದಿದೆ.

ಮಿಕ್ಸರ್ ಮಾಮ

ಆ 57 ತರುವವರು ಯಾರು ವಾಲ್ವ್ ಪ್ರೇಮಿಗಳೇ? ನಾನು ಸೌಂಡ್ ಕೆಲಸದವನು. ನಮ್ಮ ಸಣ್ಣ ಪಬ್‌ಗಳಲ್ಲಿ ಮೈಕ್ ಪೆಟ್ಟಿಗೆ ತೆರೆದರೆ ಹಾಡುವ ಮೈಕ್‌ಗಳು ಇರುತ್ತವೆ, ಕಿಕ್ ಡ್ರಮ್‌ಗೆ ಒಂದು ಇದ್ದರೆ ಪುಣ್ಯ. ಆಂಪ್‌ಗೆ ಅಂತ ಸ್ಟ್ಯಾಂಡ್ ಕೇಳಿದರೆ ಮುಖ ಮುಖ ನೋಡುತ್ತಾರೆ.

ಶಿಷ್ಯರೇ, ಮೊದಲು ಆ ಚರಚರದ ವಿಷಯ. ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ 5 ಸಾವಿರ ಹರ್ಟ್ಸ್ ದಾಟಿದ ಮೇಲೆ ಬೇಗ ಕೈಬಿಡುತ್ತದೆ. ಪೆಡಲ್‌ನಿಂದ ಬರುವ ಕೀಚಲನ್ನೆಲ್ಲ ಅದು ನುಂಗಿಬಿಡುತ್ತದೆ. ಪಿಎ (ಜನರಿಗೆ ಕೇಳಿಸುವ ಸೌಂಡ್ ಸಿಸ್ಟಂ) ಸ್ಪೀಕರ್‌ನಲ್ಲಿ ಟ್ವೀಟರ್ (ಕೀಚಲಿಗೆ ಅಂತಲೇ ಇರುವ ಸಣ್ಣ ಸ್ಪೀಕರ್) ಇದೆ, ಅದು ಎಲ್ಲವನ್ನೂ ಎತ್ತಿ ಕೊಡುತ್ತದೆ. ಪೆಡಲ್‌ನಿಂದ ಸೀದಾ ಮಿಕ್ಸರ್‌ಗೆ ಹೋದರೆ ಮಧ್ಯೆ ನುಂಗುವವರು ಯಾರೂ ಇಲ್ಲ. ಅದಕ್ಕೇ ಕ್ಯಾಬ್ ಸಿಮ್ಯುಲೇಷನ್, ಅಂದರೆ ಆಂಪ್ ಸ್ಪೀಕರ್‌ನ ಅನುಕರಣೆ, ಬೇಕು. ಮಲ್ಟಿ ಎಫೆಕ್ಟ್ಸ್‌ನಲ್ಲಿ ಕ್ಯಾಬ್ ಅಥವಾ ಐಆರ್ ಅಂತ ಒಂದು ಬ್ಲಾಕ್ ಇರುತ್ತದಲ್ಲ, ಕೆಲಸ ಅದೇ. ನಿಮ್ಮ ಓವರ್‌ಡ್ರೈವ್‌ನಲ್ಲಿ ಏನೂ ದೋಷವಿಲ್ಲ.

ಈಗ ನಾನು ಕೇಳುವುದಕ್ಕೆ ಉತ್ತರ ಕೊಡಿ. ನೀವು ನುಡಿಸುವ ಕಡೆ ನಿಮಗೆ ಅಂತ ಮಾನಿಟರ್ (ನುಡಿಸುವವರ ಕಡೆ ತಿರುಗಿಸಿದ ಸ್ಪೀಕರ್) ಇರುತ್ತದಾ? ಸೌಂಡ್ ಚೆಕ್‌ಗೆ ಸಮಯ ಕೊಡುತ್ತಾರಾ? ಆಂಪ್ ಇರುವ ಜಾಗ ಜಾಸ್ತಿಯೋ, ಇಲ್ಲದ ಜಾಗ ಜಾಸ್ತಿಯೋ? ಟೋನ್ ವಿಚಾರ ಆಮೇಲೆ ನೋಡೋಣ.

ಸ್ಟ್ರ್ಯಾಟ್ ಶಿಷ್ಯ

ಮಾಮ, ಪಬ್‌ಗಳಲ್ಲಿ ಒಂದೋ ಎರಡೋ ಮಾನಿಟರ್ ಇರುತ್ತವೆ, ಅವು ಗಾಯಕಿಗೆ ಹೋಗುತ್ತವೆ. ಸೌಂಡ್ ಚೆಕ್ ಅಂದರೆ "ಹಲೋ ಚೆಕ್" ಅಂದು ಒಂದು ಹಾಡು. ಆಂಪ್ ಇರುವ ಕಡೆ ಹೆಚ್ಚಾಗಿ ರೋಲ್ಯಾಂಡ್ ಜೆಸಿ-120. ಊರಲ್ಲಿ ಆಂಪ್ ಅನ್ನುವ ಮಾತೇ ಇಲ್ಲ, ಕೀಬೋರ್ಡ್ ಪಕ್ಕದ ಚಾನೆಲ್‌ಗೆ ಹಾಕು ಅನ್ನುತ್ತಾರೆ.

ಧಾರವಾಡದ ತಂತಿ

ಹಂಗಾದ್ರ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಐತಿ ನೋಡ್ರಿ. ನಾನು ಈ ಕಡೆ ಆರ್ಕೆಸ್ಟ್ರಾದಲ್ಲಿ ಬಹಳ ವರ್ಷದಿಂದ ನುಡಿಸುತ್ತೇನೆ. ಆಂಪ್ ಒಯ್ದರೆ ಅದನ್ನು ಇಡಲು ಜಾಗ ಇರುವುದಿಲ್ಲ. ಪೆಂಡಾಲ್‌ನಲ್ಲಿ ಸ್ಟೇಜ್ ಅಂದರೆ ನಾಲ್ಕು ಮಂಚ ಜೋಡಿಸಿ ಮೇಲೆ ಜಮಖಾನ ಹಾಸಿರುತ್ತಾರೆ. ಹಿಂದೆ ಡ್ರಮ್ಸ್, ಪ್ಯಾಡ್, ತಬಲಾ. ಮುಂದೆ ಗಾಯಕರು, ನಿರೂಪಕರು, ಸನ್ಮಾನಕ್ಕೆ ಬಂದ ಊರ ಹಿರಿಯರು.

ನಮ್ಮಲ್ಲಿ ಟೋನ್‌ಗಿಂತ ಬೇಗ ಬದಲಾಯಿಸುವುದು ಮುಖ್ಯ. ಒಂದು ಹಾಡು ಅಕೌಸ್ಟಿಕ್, ಮುಂದಿನದು ಕೋರಸ್ ಎಫೆಕ್ಟ್ ಹಾಕಿದ ಕ್ಲೀನ್, ಅದರ ಮುಂದಿನದರಲ್ಲಿ ಎರಡು ಸಾಲಿನ ಡಿಸ್ಟಾರ್ಷನ್ ಲೀಡ್. ನಡುವೆ ಗಾಯಕರು ತಿರುಗಿ "ಒಂದು ಮನೆ (ಅರ್ಧ ಸ್ವರ) ಇಳಿಸ್ರಿ" ಅನ್ನುತ್ತಾರೆ, ತಂತಿ ನೋಡಿಕೊಳ್ಳಲು ಟ್ಯೂನರ್ ಬೇಕು, ಅದೂ ಸದ್ದು ಬರದಂತೆ. ಇಷ್ಟನ್ನು ಮೂರು ಪೆಡಲ್ ಇಟ್ಟುಕೊಂಡು ಮಾಡಲು ಆಗುವುದಿಲ್ಲರೀ.

ನನ್ನ ಹತ್ತಿರ ಇರುವುದು ಬಾಸ್ ಕಂಪನಿಯ ಜಿಟಿ-1 ಮಲ್ಟಿ ಎಫೆಕ್ಟ್ಸ್. 2016ರಲ್ಲಿ ಬಂದ ಮಾಡೆಲ್, ಹೊಸದೇನಲ್ಲ. ತೂಕ 1.3 ಕಿಲೋ, ಗಿಟಾರ್ ಬ್ಯಾಗಿನ ಮುಂದಿನ ಜೇಬಿನಲ್ಲಿ ಕೂರುತ್ತದೆ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೂ ನಡೆಯುತ್ತದೆ. ಇದರ ಬೆಲೆ ನಮ್ಮ ಕಡೆಯವರಿಗೇ ಗೊತ್ತು. ಕರೆಂಟ್ ಹೋಗಿ ಜನರೇಟರ್ ಶುರುವಾದಾಗ ಉಳಿದ ಯಂತ್ರಗಳೆಲ್ಲ ಮತ್ತೆ ಮೊದಲಿಂದ ಆನ್ ಆಗಬೇಕು. ಪಿಎ ಬಂದ ಕೂಡಲೇ ಗಾಯಕರು ಪಲ್ಲವಿ ಎತ್ತಿಬಿಡುತ್ತಾರೆ. ನಿಮ್ಮ ದುಬಾರಿ ಮಲ್ಟಿ ಎಫೆಕ್ಟ್ಸ್‌ನ ಪರದೆ ಇನ್ನೂ ಕಂಪನಿ ಹೆಸರು ತೋರಿಸುತ್ತಿರುತ್ತದೆ. ನನ್ನದು ಸೆಲ್ ಮೇಲೆ ಓಡುತ್ತಿರುತ್ತದೆ.

ಡ್ರಮ್ ದೊಡ್ಡಪ್ಪ

ಗಿಟಾರ್‌ನವರು ಆಂಪ್ ಬಿಟ್ಟು ಮಿಕ್ಸರ್‌ಗೆ ಹೋಗಲಿ ಅಂತ ಎಲ್ಲ ಡ್ರಮ್ಮರ್‌ಗಳ ಪರವಾಗಿ ಮನವಿ. ಪ್ರತಿ ಹಾಡಿಗೂ ನಾಬ್ ಒಂದು ಚೂರು ತಿರುಗುತ್ತದೆ. ನಾವು ನೋಡುವುದಿಲ್ಲ ಅಂದುಕೊಂಡಿದ್ದೀರಿ.

ವಾಲ್ವ್ ಪ್ರೇಮಿ

ದೊಡ್ಡಪ್ಪ, ನೀವು ಕೋಲು ಸ್ವಲ್ಪ ಮೆಲ್ಲಗೆ ಹಿಡಿದರೆ ನಾವೂ ನಾಬ್ ಮುಟ್ಟುವುದಿಲ್ಲ.

ಧಾರವಾಡದ ಅಣ್ಣ ಹೇಳಿದ್ದು ಆರ್ಕೆಸ್ಟ್ರಾಗೆ ಸರಿ, ಒಪ್ಪಿದೆ. ಆದರೆ ಇವರು ವಾರ ವಾರ ನುಡಿಸುವುದು ಪಬ್‌ನಲ್ಲಿ. ಅಲ್ಲಿ ಆಂಪ್ ಹಿಂದೆ ಇದ್ದಾಗ ನೋಟ್ ಎಳೆದರೆ ಅದು ಎದೆಗೆ ತಾಗಿ ತಂತಿ ತಾನೇ ಹಾಡುತ್ತಾ ನಿಲ್ಲುತ್ತದೆ. ಮಾನಿಟರ್‌ನಲ್ಲಿ ಆ ಅನುಭವ ಎಲ್ಲಿ ಬರಬೇಕು?

ಮಿಕ್ಸರ್ ಮಾಮ

ಆ ಅನುಭವ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದಕ್ಕೆ ದುಡ್ಡು ಕಟ್ಟುವವರು ಎದುರು ಟೇಬಲ್‌ನವರು, ಅಷ್ಟೆ.

ಪಬ್ ಸ್ಟೇಜ್ ಅಂದರೆ ಬಹುತೇಕ ಒಂದು ಮೂಲೆ. ಆಂಪ್ ನೆಲದ ಮೇಲಿರುತ್ತದೆ. ಗಿಟಾರ್ ಸ್ಪೀಕರ್‌ನ ಕೀಚಲು ನೇರ ಮುಂದಕ್ಕೆ ಹೋಗುತ್ತದೆ, ಪಕ್ಕಕ್ಕೂ ಮೇಲಕ್ಕೂ ಅಷ್ಟಾಗಿ ಹರಡುವುದಿಲ್ಲ. ಅದರ ಮುಂದೆ ಎರಡಡಿ ದೂರದಲ್ಲಿ ನಿಂತ ನಿಮಗೆ ಅದು ಮೊಣಕಾಲಿಗೆ ಕೇಳುತ್ತದೆ. ಟ್ರೆಬಲ್ ಸಾಲದು ಅನ್ನಿಸುತ್ತದೆ, ತಿರುಗಿಸುತ್ತೀರಿ. ಹದಿನೈದು ಅಡಿ ಆಚೆ ಕೂತವರಿಗೆ ಅದು ಸರಿಯಾಗಿ ಕಿವಿಯ ಎತ್ತರಕ್ಕೇ ಬಂದು ಹೊಡೆಯುತ್ತದೆ. ನಾನು ಮಿಕ್ಸರ್‌ನಲ್ಲಿ ಗಿಟಾರ್ ಚಾನೆಲ್ ಪೂರ್ತಿ ಕೆಳಗಿಳಿಸಿದರೂ ಗಿಟಾರ್ ಕಡಿಮೆಯಾಗುವುದಿಲ್ಲ. ಆಮೇಲೆ ಮ್ಯಾನೇಜರ್ ನನ್ನ ಹತ್ತಿರ ಬರುತ್ತಾರೆ, ನಿಮ್ಮ ಹತ್ತಿರ ಅಲ್ಲ.

ಆಂಪ್ ಇಟ್ಟುಕೊಳ್ಳುವುದೇ ಆದರೆ ಕುರ್ಚಿ ಮೇಲೆ ಇಡಿ, ಇಲ್ಲ ಹಿಂದಕ್ಕೆ ವಾಲಿಸಿ. ನಿಮ್ಮ ಮುಖಕ್ಕೇ ಬಡಿಯಲಿ. ಆಗ ಹೇಳಿಸಿಕೊಳ್ಳದೆ ನೀವೇ ಕಡಿಮೆ ಮಾಡುತ್ತೀರಿ.

ಎಡಿಸನ್ ಗಿಟಾರ್

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿನ ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ನುಡಿಸುತ್ತೇನೆ. ವಾಲ್ವ್ ಪ್ರೇಮಿಗಳ ಅನುಭವಕ್ಕೂ ಮಾಮನ ತಲೆನೋವಿಗೂ ನಡುವಿನ ದಾರಿ ಒಂದಿದೆ: ಫೆಂಡರ್ ಟೋನ್ ಮಾಸ್ಟರ್ ಡಿಲಕ್ಸ್ ರಿವರ್ಬ್. 2019ರಲ್ಲಿ ಬಂತು. ಒಳಗೆ ಡಿಜಿಟಲ್, ಹೊರಗೆ ಹಳೆಯ ಡಿಲಕ್ಸ್ ರಿವರ್ಬ್‌ನ ಪೆಟ್ಟಿಗೆಯೇ. ವಾಲ್ವ್ ಇರುವ ಡಿಲಕ್ಸ್ ರಿವರ್ಬ್ ಸುಮಾರು 19 ಕಿಲೋ, ಇದು ಹತ್ತೂವರೆ ಒಳಗೆ. ಹಿಂದೆ ಒಂದು ಸ್ವಿಚ್ ಇದೆ. 22 ವಾಟ್‌ನಿಂದ 0.2 ವಾಟ್‌ವರೆಗೆ ಇಳಿಸಬಹುದು. ಮಿಕ್ಸರ್‌ಗೆ ಎಕ್ಸ್‌ಎಲ್‌ಆರ್ (ಮೈಕ್ ಕೇಬಲ್‌ನ ಮೂರು ಪಿನ್ ಜೋಡಣೆ) ಲೈನ್ ಔಟ್ ಇದೆ, ಕ್ಯಾಬ್ ಸಿಮ್ಯುಲೇಷನ್ ಸಮೇತ. ಮೈಕ್ ಬೇಕಾಗಿಲ್ಲ.

ತೊಂದರೆ ಬೆಲೆ. ನಿಮ್ಮ ಬಜೆಟ್‌ಗೆ ಬರುವುದಿಲ್ಲ.

ಸ್ಟ್ರ್ಯಾಟ್ ಶಿಷ್ಯ

ಅಣ್ಣ, ಅಲ್ಲಿ ಸೆಕೆಂಡ್ ಹ್ಯಾಂಡ್ ಕಡಿಮೆಗೆ ಸಿಗುತ್ತದಂತಲ್ಲ. ನಮ್ಮ ಚಿಕ್ಕಪ್ಪನ ಮಗ ಡಿಸೆಂಬರ್‌ನಲ್ಲಿ ಅಲ್ಲಿಂದ ಬರುತ್ತಾನೆ. ಯಾವುದಾದರೂ ವಾಲ್ವ್ ಆಂಪ್ ತರಿಸಿಕೊಂಡರೆ ಹೇಗೆ?

ಎಡಿಸನ್ ಗಿಟಾರ್

ಬೇಡ. ಈ ಪ್ರಶ್ನೆ ಪ್ರತಿ ಡಿಸೆಂಬರ್‌ಗೂ ಯಾರಾದರೂ ಕೇಳುತ್ತಾರೆ. ಇಲ್ಲಿನ ಕರೆಂಟ್ 120 ವೋಲ್ಟ್, ಅಲ್ಲಿನದು 230. ಇಲ್ಲಿಯ ಆಂಪ್ ಅಲ್ಲಿ ಸೀದಾ ಚುಚ್ಚಿದರೆ ಫ್ಯೂಸ್ ಹೋದರೆ ಅದೃಷ್ಟ, ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರ್ರೇ ಸುಡುತ್ತದೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ಓಡಿಸಬಹುದು. ಆದರೆ ಆಂಪ್ ಎಳೆಯುವ ಕರೆಂಟ್‌ಗಿಂತ ದೊಡ್ಡದೇ ಬೇಕು, ಅದೂ ಕಬ್ಬಿಣದ ಗುಂಡು. ಸ್ಕೂಟರ್‌ನಲ್ಲಿ ಆಂಪ್ ಮುಂದೆ, ಟ್ರಾನ್ಸ್‌ಫಾರ್ಮರ್ ಬೆನ್ನ ಮೇಲೆ, ಗಿಟಾರ್ ಎಲ್ಲಿ? ಯಾವತ್ತೋ ಒಂದು ದಿನ ಡ್ರಮ್ಮರ್ ಸಹಾಯ ಮಾಡಲು ಬಂದು ಆಂಪ್‌ನ ಪ್ಲಗ್ಗನ್ನು ನೇರ ಗೋಡೆಗೆ ಹಾಕಿಬಿಡುತ್ತಾನೆ.

ಇನ್ನು ವಿಮಾನ. ಒಂದು ಪೆಟ್ಟಿಗೆಗೆ 23 ಕಿಲೋ ಅಂತ ಮಿತಿ. ಫೆಂಡರ್ ಹಾಟ್ ರಾಡ್ ಡಿಲಕ್ಸ್ ಒಂದೇ 20 ಕಿಲೋ ದಾಟುತ್ತದೆ. ಚಾಕೊಲೇಟ್‌ಗೂ ಜಾಗ ಉಳಿಯುವುದಿಲ್ಲ, ಚಿಕ್ಕಮ್ಮ ಸುಮ್ಮನಿರುತ್ತಾರಾ?

ತರಿಸುವುದಾದರೆ ಮಲ್ಟಿ ಎಫೆಕ್ಟ್ಸ್ ತರಿಸಿ. ಅಡಾಪ್ಟರ್ ಮೇಲೆ 100-240 ವೋಲ್ಟ್ ಅಂತ ಬರೆದಿದೆಯಾ ನೋಡಿ. ಬರೆದಿದ್ದರೆ ಪಿನ್ ಬದಲಿಸಿಕೊಂಡರೆ ಸಾಕು.

ಪೆಡಲ್ ಪುಟ್ಟ

ಪೆಡಲ್‌ಗಳ ಪರವಾಗಿ ಯಾರೂ ಮಾತಾಡಲಿಲ್ಲ, ಅದಕ್ಕೆ ಬಂದೆ.

ಜೆಸಿ-120 ಇರುವ ಪಬ್‌ಗಳೇ ಹೆಚ್ಚು ಅಂದರಲ್ಲ. ಅದು 1975ರಿಂದ ಬರುತ್ತಿರುವ ಆಂಪ್. 28 ಕಿಲೋ, ಆದರೆ ಹೊರುವವರು ನೀವಲ್ಲ. ಅದರ ಕ್ಲೀನ್‌ಗೆ ಎದುರಿಲ್ಲ. ಅದರ ಸ್ವಂತ ಡಿಸ್ಟಾರ್ಷನ್ ಮಾತ್ರ ಮುಟ್ಟಬೇಡಿ. ನಿಮ್ಮ ಓವರ್‌ಡ್ರೈವ್ ಸೀದಾ ಹಾಕಿದರೆ ಸ್ವಲ್ಪ ಒರಟು ಅನ್ನಿಸುತ್ತದೆ. ಅದಕ್ಕೆ ಎರಡು ಓವರ್‌ಡ್ರೈವ್ ಇಟ್ಟುಕೊಳ್ಳುವುದು ನನ್ನ ಪದ್ಧತಿ. ಮೊದಲನೆಯದು ಟ್ಯೂಬ್ ಸ್ಕ್ರೀಮರ್ ಥರದ್ದು, ಡ್ರೈವ್ ಬಹಳ ಕಡಿಮೆ, ಲೆವೆಲ್ ಜಾಸ್ತಿ. ಅದು ಕೆಳಗಿನ ಬೇಸ್ ಕತ್ತರಿಸಿ 700 ಹರ್ಟ್ಸ್ ಆಸುಪಾಸಿನ ಮಿಡ್ಸ್ (ಬೇಸ್, ಟ್ರೆಬಲ್ ನಡುವಿನ ಸದ್ದು) ಎತ್ತುತ್ತದೆ. ಲೀಡ್ ಬಂದಾಗ ಅದನ್ನು ಒತ್ತಿದರೆ ಗಿಟಾರ್ ಕೀಬೋರ್ಡ್‌ನ ಒಳಗಿಂದ ಮುಂದೆ ಬರುತ್ತದೆ.

ಪೆಡಲ್‌ಬೋರ್ಡ್‌ಗೆ ದುಡ್ಡು ಸುರಿಯಬೇಡಿ. ನನ್ನದು ಬಡಗಿ ಮಾಡಿಕೊಟ್ಟ ಪ್ಲೈವುಡ್ ಮಣೆ. ಹಿಂದೆ ಎರಡು ಇಂಚು ಎತ್ತರ, ಮೇಲೆ ವೆಲ್ಕ್ರೋ. ದುಡ್ಡು ಹಾಕಬೇಕಾದ ಜಾಗ ಪವರ್ ಸಪ್ಲೈ. ಒಂದೇ ಅಡಾಪ್ಟರ್‌ನಿಂದ ಸರಪಳಿ ಎಳೆದರೆ ಅನಲಾಗ್ ಪೆಡಲ್‌ಗಳು ಹೇಗೋ ನಡೆಯುತ್ತವೆ. ಅದರಲ್ಲೇ ಒಂದು ಡಿಜಿಟಲ್ ಡಿಲೇ ಸೇರಿಸಿ ನೋಡಿ, ಕುಂಯ್ ಅನ್ನುವುದು ಶುರುವಾಗುತ್ತದೆ. ಐಸೊಲೇಟೆಡ್ ಸಪ್ಲೈ, ಅಂದರೆ ಪ್ರತಿ ಪೆಡಲ್‌ಗೂ ಒಂದಕ್ಕೊಂದು ತಾಗದ ಬೇರೆ ಔಟ್ ಇರುವುದು, ತಗೊಳ್ಳಿ. ಪ್ರತಿ ಪೆಡಲ್ ಎಷ್ಟು ಮಿಲಿ ಆಂಪ್ ಕೇಳುತ್ತದೆ ಅಂತ ಅದರ ಹಿಂದೆಯೋ ಪುಸ್ತಕದಲ್ಲೋ ಬರೆದಿರುತ್ತದೆ, ಕೂಡಿಸಿ. ಹೆಚ್ಚಿನವು 9 ವೋಲ್ಟ್, ಪಿನ್‌ನ ನಡುವಿನದು ಮೈನಸ್. ಉಲ್ಟಾ ಹಾಕಿದರೆ ಪೆಡಲ್ ಹೋಯಿತು. ರೂಟರ್‌ನ ಅಡಾಪ್ಟರ್ ಕೈಗೆ ಸಿಕ್ಕಿತು ಅಂತ ಚುಚ್ಚಬೇಡಿ, ಅದರಲ್ಲಿ ನಡುವೆ ಪ್ಲಸ್ ಇರುವುದೇ ಜಾಸ್ತಿ.

ಸ್ಟ್ರ್ಯಾಟ್ ಶಿಷ್ಯ

ಪುಟ್ಟಣ್ಣ, ಜೆಸಿ ಇಲ್ಲದ ಕಡೆ ಈ ಮಣೆ ಏನು ಮಾಡುತ್ತದೆ?

ಪೆಡಲ್ ಪುಟ್ಟ

ಕೊನೆಯಲ್ಲಿ ಕ್ಯಾಬ್ ಸಿಮ್ ಇರುವ ಆಂಪ್ ಪೆಡಲ್ ಒಂದು ಬೇಕು. ಅಷ್ಟು ಹಾಕಿದ ಮೇಲೆ ಲೆಕ್ಕ ಮಲ್ಟಿ ಎಫೆಕ್ಟ್ಸ್‌ಗಿಂತ ಮೇಲೇ ಹೋಗುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ನನಗೆ ನಾಬ್ ತಿರುಗಿಸುವುದು ಇಷ್ಟ, ಅದಕ್ಕೆ ಈ ಹುಚ್ಚು.

ಮಿಕ್ಸರ್ ಮಾಮ

ಕಟಾನಾ ಬಗ್ಗೆಯೂ ಒಂದು ಮಾತು, ಶಿಷ್ಯರ ಪಟ್ಟಿಯಲ್ಲಿದೆ ಅಂತ. ಒಳ್ಳೆಯ ಆಂಪ್. ಮಾರ್ಕ್ 2 ಕಟಾನಾ 50 ಹನ್ನೊಂದೂವರೆ ಕಿಲೋ ಚಿಲ್ಲರೆ, ಸ್ಕೂಟರ್‌ನ ಕಾಲಿಡುವ ಜಾಗದಲ್ಲಿ ಕೂರಬಹುದು. 50, 25, ಅರ್ಧ ವಾಟ್ ಅಂತ ಸ್ವಿಚ್ ಇದೆ, ಮನೆಯಲ್ಲೂ ನುಡಿಸಬಹುದು. ಆದರೆ ಅದರಲ್ಲಿ ರೆಕಾರ್ಡಿಂಗ್‌ಗೆ ಅಂತ ಇರುವ ರೆಕ್ ಔಟ್‌ಗೆ ಜ್ಯಾಕ್ ಹಾಕಿದ ತಕ್ಷಣ ಆಂಪ್‌ನ ಸ್ಪೀಕರ್ ಸುಮ್ಮನಾಗುತ್ತದೆ. ಮಿಕ್ಸರ್‌ಗೆ ಕೊಟ್ಟರೆ ನಿಮಗೆ ಕೇಳುವುದಿಲ್ಲ, ನಿಮಗೆ ಕೇಳಬೇಕಾದರೆ ಮಿಕ್ಸರ್‌ಗೆ ಇಲ್ಲ. ಕಟಾನಾ 100ರಲ್ಲಿ ಲೈನ್ ಔಟ್ ಬೇರೆಯೇ ಇದೆ, ಆ ಕಷ್ಟ ಇಲ್ಲ. ಆದರೆ ತೂಕ 15 ಕಿಲೋ ಹತ್ತಿರ. ಹೊಸ ಆಂಪ್ ಯಾವುದೇ ನೋಡಿ, ಮೊದಲು ಹಿಂಭಾಗ ನೋಡಿ. ಮುಂದಿನ ನಾಬ್‌ಗಳಿಗಿಂತ ಹಿಂದಿನ ತೂತುಗಳು ಗಿಗ್‌ನಲ್ಲಿ ಜಾಸ್ತಿ ಕೆಲಸಕ್ಕೆ ಬರುತ್ತವೆ.

ನನ್ನ ಸಲಹೆ: ನಿಮ್ಮ 50 ಸಾವಿರದಲ್ಲಿ ದೊಡ್ಡ ಪಾಲು ಮಲ್ಟಿ ಎಫೆಕ್ಟ್ಸ್‌ಗೆ. ಎಫೆಕ್ಟ್ಸ್ ಲೂಪ್ (ಹೊರಗಿನ ಪೆಡಲ್ ನಡುವೆ ಸೇರಿಸಲು ಸೆಂಡ್, ರಿಟರ್ನ್ ಜ್ಯಾಕ್) ಇರುವಂಥದ್ದು ನೋಡಿ, ನಿಮ್ಮ ಓವರ್‌ಡ್ರೈವ್ ಅದರಲ್ಲಿ ಹಾಕಬಹುದು. ಉಳಿದದ್ದರಲ್ಲಿ ಒಂದು ಡಿಐ ಬಾಕ್ಸ್, ಎರಡು ಒಳ್ಳೆಯ ಕೇಬಲ್. ಡಿಐ ಬಾಕ್ಸ್ ಯಾಕೆ ಅಂದರೆ, ಈ ಬೆಲೆಯ ಯಂತ್ರಗಳಲ್ಲಿ ಎಕ್ಸ್‌ಎಲ್‌ಆರ್ ಔಟ್ ಇಲ್ಲದಿರುವುದೇ ಹೆಚ್ಚು. ಗಿಟಾರ್ ಜ್ಯಾಕ್‌ನ ಕೇಬಲ್ ಎಳೆದುಕೊಂಡು ಹಾಲ್‌ನ ಆ ತುದಿಯ ಮಿಕ್ಸರ್‌ವರೆಗೆ ಹೋದರೆ ದಾರಿಯುದ್ದಕ್ಕೂ ಲೈಟಿನ ಗುಂಯ್ ಎಲ್ಲ ಹತ್ತಿಕೊಳ್ಳುತ್ತದೆ. ಡಿಐ ಅದನ್ನು ಬ್ಯಾಲೆನ್ಸ್ಡ್ (ಗುಂಯ್ ಹತ್ತದ ಥರ) ಮಾಡಿ ಮೈಕ್ ಕೇಬಲ್‌ನಲ್ಲಿ ಕಳಿಸುತ್ತದೆ. ಅದರ ಮೇಲೆ ಗ್ರೌಂಡ್ ಲಿಫ್ಟ್ ಸ್ವಿಚ್ ಇರುತ್ತದೆ. ಹಮ್ ಬಂದರೆ ಒತ್ತಿ ನೋಡಿ.

ಕುಡ್ಲ ಬೇಸ್

ಗ್ರೌಂಡ್ ಲಿಫ್ಟ್ ಅಂದ ಕೂಡಲೇ ಹೇಳಬೇಕಾದ ವಿಷಯ ಒಂದುಂಟು ಮಾರಾಯ್ರೆ. ಹಮ್ ಹೋಗಲಿ ಅಂತ ಕೆಲವರು ಪ್ಲಗ್‌ನ ಮೂರನೇ ಪಿನ್ ಮುರಿಯುತ್ತಾರೆ, ಇಲ್ಲ ಎರಡು ಪಿನ್‌ನ ಅಡಾಪ್ಟರ್ ಸಿಕ್ಕಿಸುತ್ತಾರೆ. ಹಾಗೆ ಮಾಡಲೇಬೇಡಿ. ಡಿಐನ ಸ್ವಿಚ್ ಬೇರೆ, ಅದು ಸಿಗ್ನಲ್ ಕೇಬಲ್‌ನ ಗ್ರೌಂಡ್ ಮಾತ್ರ ಬಿಡಿಸುತ್ತದೆ. ಕರೆಂಟಿನ ಅರ್ಥ್ ಬಿಡಿಸಿದರೆ ಪ್ರಾಣಕ್ಕೇ ಅಪಾಯ. 1972ರಲ್ಲಿ ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರ್ ವಾದಕ ಲೆಸ್ ಹಾರ್ವೆ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೇಜ್ ಮೇಲೇ ತೀರಿಹೋದರು. ಅರ್ಥ್ ಸರಿಯಿಲ್ಲದ ಮೈಕ್ ಮುಟ್ಟಿದ್ದು ಕಾರಣ.

ನಮ್ಮಲ್ಲಿ ಮಳೆಗಾಲ ಮುಗಿಯುವ ಮೊದಲೇ ಪೆಂಡಾಲ್ ಕಾರ್ಯಕ್ರಮ ಶುರು. ನೆಲ ಒದ್ದೆ, ಎಕ್ಸ್‌ಟೆನ್ಶನ್ ಬೋರ್ಡ್ ಹುಲ್ಲಿನ ಮೇಲೆ. ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಟೆಸ್ಟರ್ ಇರುತ್ತದೆ, ಎಲೆಕ್ಟ್ರಿಷಿಯನ್ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನಲ್ಲ ಅದೇ. ಎಲ್ಲ ಆನ್ ಮಾಡಿದ ಮೇಲೆ, ಹಾಡುವ ಮೊದಲು, ಟೆಸ್ಟರ್ ತುದಿ ಮೈಕ್‌ನ ಜಾಲರಿಗೆ ಮುಟ್ಟಿಸುತ್ತೇನೆ. ಆಮೇಲೆ ನನ್ನ ತಂತಿಗೆ. ಎಲ್ಲಾದರೂ ಒಳಗಿನ ಕೆಂಪು ದೀಪ ಮಿಣುಕಿದರೆ ಬೇಸ್ ಗಿಟಾರ್ ಕೆಳಗಿಡುತ್ತೇನೆ, ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುವವರೆಗೆ ಎತ್ತುವುದಿಲ್ಲ. ಒಂದು ಕಡೆ ಕಮಿಟಿಯವರು "ಇಷ್ಟು ವರ್ಷದಿಂದ ಏನೂ ಆಗಿಲ್ಲ" ಅಂತ ಸಿಟ್ಟಾದರು. ಆಗಲಿ ಅಂತ ಕಾಯಬೇಕಾ?

ತೇವದ ಬಗ್ಗೆ ಇನ್ನೊಂದು. ಜ್ಯಾಕ್‌ಗಳಿಗೆ ಕಿಲುಬು ಹಿಡಿದರೆ ಕರಕರ ಬರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಒಂದು ಡಬ್ಬ ಇಟ್ಟುಕೊಳ್ಳಿ.

ಮಿಕ್ಸರ್ ಮಾಮ

ಕುಡ್ಲದವರು ಹೇಳಿದ್ದನ್ನು ಎಲ್ಲರೂ ಇನ್ನೊಮ್ಮೆ ಓದಿ.

ಸ್ಟ್ರ್ಯಾಟ್ ಶಿಷ್ಯ

ಟೆಸ್ಟರ್ ಇವತ್ತೇ ತಗೊಂಡೆ, ಹಾರ್ಡ್‌ವೇರ್ ಅಂಗಡಿಯಲ್ಲಿ. ಇಷ್ಟು ಕಡಿಮೆ ದುಡ್ಡಿನಲ್ಲಿ ಸಿಕ್ಕ ಮೊದಲ ಗಿಟಾರ್ ಸಾಮಾನು.

ಇನ್ನೊಂದು ಸುದ್ದಿ. ಸೆಕೆಂಡ್ ಹ್ಯಾಂಡ್ ಮಲ್ಟಿ ಎಫೆಕ್ಟ್ಸ್, ಲೈನ್ 6 ಕಂಪನಿಯ ಪಾಡ್ ಗೋ ಒಂದು ನನ್ನ ಬಜೆಟ್‌ನೊಳಗೆ ಸಿಗುವ ಹಾಗಿದೆ. ನೋಡಲು ಹೋದಾಗ ಏನೇನು ಪರೀಕ್ಷೆ ಮಾಡಬೇಕು?

ಎಡಿಸನ್ ಗಿಟಾರ್

ಒಳ್ಳೆಯ ಯಂತ್ರ. 2020ರದ್ದು, ಎರಡೂಕಾಲು ಕಿಲೋ ಚಿಲ್ಲರೆ, ಎಫೆಕ್ಟ್ಸ್ ಲೂಪ್ ಇದೆ, ಎಕ್ಸ್‌ಪ್ರೆಷನ್ ಪೆಡಲ್ (ಕಾಲಲ್ಲಿ ವಾಲಿಸಿ ಸದ್ದು ಏರಿಸಿ ಇಳಿಸುವುದು) ಜೊತೆಗೇ ಇದೆ. ಎಕ್ಸ್‌ಎಲ್‌ಆರ್ ಇಲ್ಲ, ಮಾಮ ಹೇಳಿದ ಡಿಐ ಬೇಕು.

ಪ್ರತಿ ಫುಟ್‌ಸ್ವಿಚ್ ಹತ್ತು ಸಲ ಒತ್ತಿ, ಒಂದಾದರೂ ಎರಡೆರಡು ಸಲ ಬೀಳುತ್ತದಾ ನೋಡಿ. ಎಕ್ಸ್‌ಪ್ರೆಷನ್ ಪೆಡಲ್ ನಿಧಾನವಾಗಿ ಹಿಂದೆ ಮುಂದೆ ಮಾಡಿ, ವಾಲ್ಯೂಮ್ ನಡುವೆ ಹಾರಬಾರದು. ಜ್ಯಾಕ್ ಹಾಕಿ ಸ್ವಲ್ಪ ಅಲುಗಾಡಿಸಿ. ಅದರದ್ದೇ ಅಡಾಪ್ಟರ್ ಇದೆಯಾ ಅಂತ ಮೊದಲೇ ಕೇಳಿ. ಈ ಥರದ ಯಂತ್ರಗಳು 9 ವೋಲ್ಟ್ ಅಂತ ಬರೆದಿದ್ದರೂ 3 ಆಂಪಿಯರ್‌ವರೆಗೆ ಕೇಳುತ್ತವೆ, ಪೆಡಲ್‌ನ ಸಣ್ಣ ಅಡಾಪ್ಟರ್‌ನಲ್ಲಿ ಏಳುವುದಿಲ್ಲ.

ವಾಲ್ವ್ ಪ್ರೇಮಿ

ಹೋಗಲಿ ಬಿಡಿ. ಆದರೆ ಜೆಸಿ ಇರುವ ಪಬ್‌ನಲ್ಲಿ ಆ ಪಾಡ್ ಗೋವನ್ನು ಆಂಪ್‌ನ ಮುಂದಿನ ಇನ್‌ಪುಟ್‌ಗೆ, ಆಂಪ್ ಮಾಡೆಲ್ ಮತ್ತು ಕ್ಯಾಬ್ ಸಿಮ್ ಎರಡೂ ಆನ್ ಇಟ್ಟು ಹಾಕಬೇಡಿ. ಆಂಪ್ ಒಳಗೆ ಆಂಪ್, ಸ್ಪೀಕರ್ ಒಳಗೆ ಸ್ಪೀಕರ್ ಆಗುತ್ತದೆ. ಕಂಬಳಿ ಹೊದೆಸಿದಂಥ ಸದ್ದು ಬಂದಾಗ ಡಿಜಿಟಲ್‌ನ ಬೈಯುತ್ತಾರೆ, ನನಗೂ ಅದೇ ಬೇಕು, ಆದರೂ ನ್ಯಾಯ ನ್ಯಾಯವೇ.

ಆಂಪ್‌ನ ಹಿಂದೆ ಎಫೆಕ್ಟ್ಸ್ ರಿಟರ್ನ್ ಇದ್ದರೆ ಅಲ್ಲಿಗೆ ಹಾಕಿ, ಕ್ಯಾಬ್ ಆಫ್ ಮಾಡಿ, ಆಂಪ್ ಮಾಡೆಲ್ ಇರಲಿ. ಇಲ್ಲದಿದ್ದರೆ ಮುಂದಿನ ಇನ್‌ಪುಟ್‌ಗೆ, ಆಗ ಎರಡೂ ಆಫ್, ಎಫೆಕ್ಟ್ ಮಾತ್ರ. ಇನ್ನು ಸ್ವಂತ ವಾಲ್ವ್ ಆಂಪ್ ತಗೊಂಡ ದಿನ ನಾಲ್ಕು ಕೇಬಲ್ ವಿಧಾನ ಮಾಡಿ. ಗಿಟಾರ್‌ನಿಂದ ಯಂತ್ರದ ಇನ್‌ಪುಟ್, ಯಂತ್ರದ ಸೆಂಡ್‌ನಿಂದ ಆಂಪ್‌ನ ಇನ್‌ಪುಟ್, ಆಂಪ್‌ನ ಸೆಂಡ್‌ನಿಂದ ಯಂತ್ರದ ರಿಟರ್ನ್, ಯಂತ್ರದ ಔಟ್‌ನಿಂದ ಆಂಪ್‌ನ ರಿಟರ್ನ್. ಓವರ್‌ಡ್ರೈವ್ ಆಂಪ್‌ನ ಮೊದಲು, ಡಿಲೇ, ರಿವರ್ಬ್ ಆಂಪ್‌ನ ಡಿಸ್ಟಾರ್ಷನ್ ಆದ ಮೇಲೆ ಬರುತ್ತವೆ. ಬ್ಲೂಸ್ ಜೂನಿಯರ್‌ನಲ್ಲಿ ಲೂಪ್ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಸ್ಟ್ರ್ಯಾಟ್ ಶಿಷ್ಯ

ತಗೊಂಡೆ! ಡಿಐ ಬಾಕ್ಸ್ ಕೂಡ. ಎಸ್‌ಪಿ ರೋಡ್‌ನಲ್ಲಿ ಪ್ಲಗ್, ವೈರ್ ತಂದು ಕೇಬಲ್ ನಾನೇ ಬೆಸೆದುಕೊಂಡೆ. ನಾಲ್ಕು ದಿನದಿಂದ ಹೆಡ್‌ಫೋನ್‌ನಲ್ಲಿ ಕೂತು ಪ್ರಿಸೆಟ್ (ಉಳಿಸಿಟ್ಟ ಸೆಟ್ಟಿಂಗ್) ಮಾಡಿದ್ದೇನೆ, ಸ್ವರ್ಗ. ರಿಹರ್ಸಲ್‌ನಲ್ಲಿ ಪಿಎಗೆ ಹಾಕಿದರೆ ಕ್ಲೀನ್ ಕಿವಿಗೆ ಚುಚ್ಚುತ್ತದೆ, ಡಿಸ್ಟಾರ್ಷನ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಯಂತ್ರ ಹಾಳಾಗಿದೆಯಾ?

ಮಿಕ್ಸರ್ ಮಾಮ

ಯಂತ್ರ ಸರಿಯಿದೆ. ಕಿವಿ ಸದ್ದಿನ ಮಟ್ಟಕ್ಕೆ ತಕ್ಕ ಹಾಗೆ ಬೇರೆ ಬೇರೆ ಥರ ಕೇಳುತ್ತದೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದಾರೆ. ಮೆಲ್ಲಗೆ ಕೇಳುವಾಗ ಬೇಸ್, ಟ್ರೆಬಲ್ ಎರಡೂ ಕಡಿಮೆ ಅನ್ನಿಸುತ್ತವೆ, ಅದಕ್ಕೆ ನೀವು ಎರಡನ್ನೂ ಏರಿಸಿ ಮಿಡ್ಸ್ ಇಳಿಸಿರುತ್ತೀರಿ. ಅದೇ ಪ್ರಿಸೆಟ್ ಜೋರಾದಾಗ ಬೇಸ್ ಗುಡುಗುತ್ತದೆ, ಟ್ರೆಬಲ್ ಚುಚ್ಚುತ್ತದೆ. ಮಿಡ್ಸ್ ಇಲ್ಲದ ಡಿಸ್ಟಾರ್ಷನ್ ಕೀಬೋರ್ಡ್, ಸಿಂಬಲ್‌ಗಳ ನಡುವೆ ಮಾಯ.

ರಿಹರ್ಸಲ್ ಜಾಗದಲ್ಲೇ, ಬ್ಯಾಂಡ್ ನುಡಿಸುತ್ತಿರುವಾಗಲೇ ಸರಿ ಮಾಡಿ. ಕ್ಯಾಬ್ ಬ್ಲಾಕ್‌ನಲ್ಲಿ ಲೋ ಕಟ್ (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವುದು) 90-100 ಹರ್ಟ್ಸ್, ಹೈ ಕಟ್ (ಮೇಲಿನದನ್ನು ಕತ್ತರಿಸುವುದು) ಐದೂವರೆ, ಆರು ಸಾವಿರ ಇಟ್ಟು ಶುರು ಮಾಡಿ. ಗೇನ್ (ಡಿಸ್ಟಾರ್ಷನ್‌ನ ಪ್ರಮಾಣ) ಮನೆಯಲ್ಲಿ ಇಟ್ಟಿದ್ದಕ್ಕಿಂತ ಕಡಿಮೆ. ರಿವರ್ಬ್ ಅರ್ಧ, ಹಾಲ್ ತನ್ನದೇ ರಿವರ್ಬ್ ಕೊಡುತ್ತದೆ. ಒಬ್ಬಂಟಿಯಾಗಿ ಕೇಳಿದಾಗ ಸ್ವಲ್ಪ ಮೂಗಿನಿಂದ ಬಂದ ಹಾಗೆ ಅನ್ನಿಸಿದರೆ ಗಾಬರಿ ಬೇಡ, ಬ್ಯಾಂಡ್‌ನಲ್ಲಿ ಅದೇ ಕೇಳಿಸುವುದು. ಆಮೇಲೆ ಕ್ಲೀನ್, ಕ್ರಂಚ್ (ಸ್ವಲ್ಪ ಒಡೆದ ಸದ್ದು) ಎಲ್ಲದರ ಲೆವೆಲ್ ಸಮ ಮಾಡಿ, ಲೀಡ್ ಮಾತ್ರ 3 ಡೆಸಿಬಲ್ ಮೇಲಿರಲಿ. ಸೌಂಡ್ ಚೆಕ್ ಆದ ಮೇಲೆ ಯಂತ್ರದ ಮಾಸ್ಟರ್ ವಾಲ್ಯೂಮ್ ಮುಟ್ಟಬೇಡಿ. ನಿಮಗೆ ಕೇಳದಿದ್ದರೆ ನನ್ನನ್ನು ಕರೆಯಿರಿ.

ಧಾರವಾಡದ ತಂತಿ

ನೂರು ಪ್ರಿಸೆಟ್ ಮಾಡಬೇಡ್ರಿ. ಒಂದು ಪ್ರಿಸೆಟ್, ಅದರಲ್ಲಿ ನಾಲ್ಕು ಸ್ನ್ಯಾಪ್‌ಶಾಟ್ (ಕಾಲಲ್ಲಿ ಒತ್ತಿ ಬದಲಿಸುವ ರೂಪಗಳು): ಅಕೌಸ್ಟಿಕ್ ಥರ, ಕೋರಸ್ ಕ್ಲೀನ್, ಕ್ರಂಚ್, ಲೀಡ್. ಇಡೀ ರಾತ್ರಿ ಇದರಲ್ಲೇ ಮುಗಿಯುತ್ತದೆ. ಡಿಲೇ ಮಾತ್ರ ಹಾಡಿನ ಲಯಕ್ಕೆ ಟ್ಯಾಪ್ ಮಾಡ್ರಿ. 120ರ ಲಯ ಅಂದರೆ ಒಂದು ಹೊಡೆತಕ್ಕೆ 500 ಮಿಲಿ ಸೆಕೆಂಡ್, ಕಾಲಲ್ಲೇ ಎರಡು ಸಲ ಒತ್ತಿದರೆ ಅದೇ ಲೆಕ್ಕ ಹಾಕಿಕೊಳ್ಳುತ್ತದೆ.

ಸ್ಟ್ರ್ಯಾಟ್ ಶಿಷ್ಯ

ಹೈ ಕಟ್ ಇಳಿಸಿದ್ದೇ ಇಳಿಸಿದ್ದು, ನಮ್ಮ ಗಾಯಕಿ ತಿರುಗಿ ನೋಡಿ "ಹೊಸ ಗಿಟಾರಾ?" ಅಂದಳು. ಡ್ರಮ್ಮರ್‌ಗೂ ಖುಷಿ.

ಉಳಿದಿರುವ ತೊಂದರೆ ಒಂದೇ, ನನಗೆ ನಾನು ಕೇಳಿಸುವುದಿಲ್ಲ. ಮಾನಿಟರ್ ಗಾಯಕಿಗೆ ಹೋಗುತ್ತದೆ ಅಂದಿದ್ದೆನಲ್ಲ.

ಕುಡ್ಲ ಬೇಸ್

ವೈರ್ ಇರುವ ಇಯರ್‌ಫೋನ್ ಹಾಕಿಕೊಳ್ಳಿ. ಮಿಕ್ಸರ್‌ನಲ್ಲಿ ಖಾಲಿ ಆಕ್ಸ್ (ಬೇರೆ ಮಿಕ್ಸ್ ಕಳಿಸುವ ಔಟ್) ಒಂದು ಇದ್ದರೆ ಅದರಿಂದ ಸಣ್ಣ ಹೆಡ್‌ಫೋನ್ ಆಂಪ್‌ಗೆ, ಅಲ್ಲಿಂದ ಕಿವಿಗೆ. ಬ್ಲೂಟೂತ್‌ನದು ಬೇಡ, ತಡವಾಗಿ ಕೇಳುತ್ತದೆ, ತಾಳ ತಪ್ಪುತ್ತದೆ. ದುಡ್ಡು ಸೇರಿದ ಮೇಲೆ 10 ಇಂಚಿನ ಪವರ್ಡ್ ಸ್ಪೀಕರ್ ಒಂದು ತಗೊಂಡರೆ ಆಯಿತು. ಯಂತ್ರದ ಒಂದು ಔಟ್ ಡಿಐಗೆ, ಇನ್ನೊಂದು ಅದಕ್ಕೆ.

ವಾಲ್ವ್ ಪ್ರೇಮಿ

ಅಂದರೆ ಕೊನೆಗೆ ಹಿಂದೆ ಒಂದು ಪೆಟ್ಟಿಗೆ ಬೇಕೇ ಬೇಕಾಯಿತು. ನಾನು ಏನೂ ಹೇಳುವುದಿಲ್ಲ.

ಸ್ಟ್ರ್ಯಾಟ್ ಶಿಷ್ಯ

ಹ್ಹಹ್ಹ, ನೀವು ಗೆದ್ದಿರಿ ಅಂದುಕೊಳ್ಳಿ ಅಣ್ಣ.

ಮಾಮ, ಈ ಶನಿವಾರ ಹೊಸ ಪಬ್ ಒಂದರಲ್ಲಿ ಗಿಗ್. ಫೋನ್ ಮಾಡಿ ಕೇಳಿದೆ, ಡಿಐ ಬಾಕ್ಸ್, ಮಾನಿಟರ್, ಜೆಸಿ-120 ಎಲ್ಲ ಇದೆ ಅಂದರು. ಹಾಗಾದರೆ ನನ್ನ ಡಿಐ ಮನೆಯಲ್ಲೇ ಬಿಡಬಹುದಲ್ವಾ?

ಮಿಕ್ಸರ್ ಮಾಮ

ಇದೆ ಅಂತಲೇ ಹೇಳುತ್ತಾರೆ. ನಿಮ್ಮದು ತಗೊಂಡು ಹೋಗಿ. ಮೈಕ್ ಕೇಬಲ್ ಕೂಡ ಒಂದು ಇರಲಿ.